ಕೆಟ್ಟ ಜಾಗ

ಮತ್ರಾ ಬಂದರಿನ ಹಿಂದಿನ ಓಣಿ, ಎರಡನೇ ಮಾಳಿಗೆ,
ಎಂಬತ್ತೊಂಬತ್ತನೇ ಇಸವಿ.
ಏಸಿ ಹಾಕಿಸಿದ್ದು ಕಂಪ್ಯೂಟರಿಗೆ.
ಅದರ ಎದುರು ಕೂತ ಪುಣ್ಯಕ್ಕೆ ನನಗೂ ತಂಪು.

ಹನ್ನೊಂದೂವರೆಗೆ ಸರಿಯಾಗಿ
ಏಲಕ್ಕಿ ಮೂಟೆಗಳ ಬಿಲ್ಲಿನ ನಡುವೆ ಒಂದು ಚುಕ್ಕಿ ಎದ್ದಿತು,
ಚೆಂಡಿನ ಹಾಗೆ ಪುಟಿಯತೊಡಗಿತು.
ಪರದೆಯ ಅಂಚಿಗೆ ಬಡಿದು, ಒಟ್ಟು ಮೊತ್ತಕ್ಕೆ ಬಡಿದು,
ಹಡಗಿನ ಹೆಸರಿಗೆ ಬಡಿದು ವಾಪಸು.
ಚಾ ತಂದ ಹುಡುಗ ಲೋಟ ಹಿಡಿದೇ ನಿಂತ.
ಅರಬಾಬ್ ಬಂದರು, ನೋಡಿದರು, ಐದು ನಿಮಿಷ ನಕ್ಕರು,
ಆಮೇಲೆ ನಗಲಿಲ್ಲ.
"ಯಾರು ತಂದದ್ದು ಇದನ್ನು?"

ರೂವಿಯಿಂದ ಸೆಲ್ವರತ್ನಂ ಬಂದ, ಜಾಫ್ನಾದವನು.
ಅಂಗಿ ಜೇಬಿನಲ್ಲಿ ಒಂದೇ ಫ್ಲಾಪಿ,
ಅದರ ಅಂಚಿನ ಕಚ್ಚಿಗೆ ಬೆಳ್ಳಿ ಬಣ್ಣದ ಪಟ್ಟಿ.
"ಇದು ಓದಿಸಿಕೊಳ್ಳುತ್ತದೆ, ಬರೆಸಿಕೊಳ್ಳುವುದಿಲ್ಲ" ಅಂದ.
ನಾನು ಲೆಕ್ಕದವನು, ಅವನು ತೋರಿಸಿದ್ದೂ ಲೆಕ್ಕವೇ:
ಯಂತ್ರದ ನೆನಪು ಇಷ್ಟಿರಬೇಕು,
ಆರು ಲಕ್ಷದ ಐವತ್ತೈದು ಸಾವಿರದ ಮುನ್ನೂರ ಅರವತ್ತು.
ಎರಡು ಸಾವಿರದ ನಲವತ್ತೆಂಟು ಕಡಿಮೆ ಬಂತು.
ಪೆಟ್ಟಿಗೆಯಲ್ಲಿ ಅಷ್ಟು ಬೈಸಾ ತಪ್ಪಿದ್ದರೆ
ನಾನು ರಾತ್ರಿ ಮನೆಗೇ ಹೋಗುತ್ತಿರಲಿಲ್ಲ.

"ಅದಕ್ಕೆ ಕಾಲಿಲ್ಲ, ನಿಮ್ಮ ಕೈಯೇ ಕಾಲು.
ಸಂಜೆ ಒಳಗೇ ಮರೆತ ಫ್ಲಾಪಿ, ಬೆಳಿಗ್ಗೆ ಸ್ವಿಚ್ಚು ಒತ್ತಿದರೆ
ಮೊದಲು ಎದ್ದು ಮಾತಾಡುವುದು ಅದೇ.
ಅಡಗಿರುವುದೆಲ್ಲಿ ಗೊತ್ತೋ?
ಒಂದು ಜಾಗಕ್ಕೆ 'ಕೆಟ್ಟಿದೆ' ಎಂದು ತಾನೇ ಹಲಗೆ ತಗುಲಿಸಿ
ಅದರೊಳಗೆ. ಕೆಟ್ಟ ಜಾಗಕ್ಕೆ ಯಾರು ಇಣುಕುತ್ತಾರೆ?"

ನಲವತ್ತೊಂದು ಫ್ಲಾಪಿ ನೋಡಿದೆವು, ಇಪ್ಪತ್ತಮೂರಕ್ಕೆ ಹತ್ತಿತ್ತು.
ವಿಮೆ ಕಚೇರಿಯ ಲಸ್ರಾದೊಗೆ ನಮ್ಮಿಂದ,
ಟೈರಿನವರಿಗೆ ಲಸ್ರಾದೊನಿಂದ,
ಮಣ್ಣು ತೋಡುವ ಒಂದು ಆಟದ ಬೆನ್ನೇರಿ
ಶುಕ್ರವಾರ ಬಿರಿಯಾನಿಗೆ ಸೇರುವ ರೂಮುಗಳಿಗೆಲ್ಲ.
ತೊಳೆದೆವು, ಒರೆಸಿದೆವು, ಸೆಲ್ವರತ್ನಂ ಹಣ ಎಣಿಸಿಕೊಂಡು ಹೋದ.

ಶನಿವಾರ ಎಂಟೂವರೆಗೆ ಚೆಂಡು ಮತ್ತೆ.

ಎಲ್ಲರೂ ಹೋದ ಮೇಲೆ ಇರ್ಷಾದ್ ಬರ್ಮಾವರನ ಮೇಜಿನ
ಕೆಳಗಿನ ಖಾನೆ ಎಳೆದೆ.
ಸ್ಟಾಪ್ಲರು, ಊರಿನ ಕ್ಯಾಸೆಟ್ಟು, ಒಣಗಿದ ಖರ್ಜೂರ,
ಒಂದು ಫ್ಲಾಪಿ. ಮೇಲೆ ಕನ್ನಡದಲ್ಲಿ,
ಭಟ್ಕಳದ ಶಾಲೆಯ ದುಂಡನೆ ಅಕ್ಷರದಲ್ಲಿ:
"ಕೆಟ್ಟಿದೆ."

ಮೂವತ್ತೊಂದು ಪತ್ರಗಳಿದ್ದವು ಅದರಲ್ಲಿ.
ಮಾನ್ಯರೇ, ನಾನು ಚಂದು ಮೊಗೇರ, ಬಂದರಿನ ಹಮಾಲ,
ನನ್ನ ಪಾಸ್‌ಪೋರ್ಟು ಹದಿನಾಲ್ಕು ತಿಂಗಳಿಂದ...
ಮಾನ್ಯರೇ, ನನ್ನ ತಾಯಿ ತೀರಿ ನಲವತ್ತು ದಿನ...
ಕೆಲವದರ ಕೊನೆಗೆ ಸಹಿಯ ಸಾಲಿಲ್ಲ,
ಹೆಬ್ಬೆಟ್ಟಿಗೆಂದು ನಾಲ್ಕು ಸಾಲು ಖಾಲಿ.
ಒಂದೊಂದರ ತಲೆಯಲ್ಲೂ ತಾರೀಕು, ಹೊತ್ತು:
ರಾತ್ರಿ ಹತ್ತೂ ಮುಕ್ಕಾಲು, ರಾತ್ರಿ ಹನ್ನೆರಡು.
ಅಷ್ಟು ಹೊತ್ತಿನಲ್ಲಿ ಅವನೂ ಚೆಂಡು ನೋಡಿರಬೇಕು,
ಯಾರಿಗೆ ಹೇಳಿಯಾನು?

ಆ ಪಾಸ್‌ಪೋರ್ಟುಗಳೆಲ್ಲ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿದ್ದವು.
ಕೀಲಿ ನನ್ನ ಬೆಲ್ಟಿನಲ್ಲಿ.

ಸೆಲ್ವರತ್ನಂ ಬಿಟ್ಟುಹೋದ ಪ್ರೋಗ್ರಾಮು ಓಡಿಸಿದೆ.
ಮೊದಲ ತುಣುಕು ಹೊಸದಾಯಿತು, ಪತ್ರಗಳಿಗೆ ಕೂದಲೂ ಕೊಂಕಲಿಲ್ಲ.
ಕಚ್ಚಿಗೆ ಪಟ್ಟಿ ಅಂಟಿಸಹೊರಟವನು ಕೈ ತಡೆದೆ:
ಅಂಟಿಸಿದರೆ ಮೂವತ್ತೆರಡನೆಯದು ಎಲ್ಲಿ ಬರೆದಾನು?
ಲೇಬಲ್ಲು ಕೀಳಲಿಲ್ಲ.
ಖಾನೆಯೊಳಗೆ ಖರ್ಜೂರದ ಕೆಳಗೇ ಇಟ್ಟೆ.

"ಡೀಲರಿನ ಸ್ಯಾಂಪಲ್ ಡಿಸ್ಕಿನಿಂದ ಬಂತು" ಎಂದೆ ಅರಬಾಬಿಗೆ.
ಅವರು ಡೀಲರಿಗೆ ಫೋನಿನಲ್ಲಿ ಬೈದರು, ನನಗೆ ಚಾ ತರಿಸಿದರು.
ಇರ್ಷಾದ್ ಏನೂ ಕೇಳಲಿಲ್ಲ. ಮರುವಾರದಿಂದ
ನನ್ನ ಲೋಟಕ್ಕೆ ಎರಡು ಸಕ್ಕರೆ ಅವನೇ ಹಾಕತೊಡಗಿದ.

ಈಗಲೂ ಹನ್ನೊಂದೂವರೆಗೆ ಪರದೆ ನೋಡುತ್ತೇನೆ.
ನೆನಪು ಪೂರ್ತಿ ಇದೆ, ಒಂದು ಬೈಟೂ ಕಡಿಮೆಯಿಲ್ಲ.
ಏಳುವಾಗ, ಕೂರುವಾಗ ಕೀಲಿ
ಕುರ್ಚಿಯ ಅಂಚಿಗೆ ಬಡಿದು
ನನ್ನ ಕಡೆಗೇ ವಾಪಸು.